ಯಕೃತ್ತಿನ ಒಳದಾರಿಗಳನ್ನು ಕಂಡ ವೈದ್ಯ: ತೋನ್ ಥಾಟ್ ತುಂಗ್

ಮನುಷ್ಯನ ಒಡಲಿನಲ್ಲಿ ಯಕೃತ್ತಿಗಿಂತ ದೊಡ್ಡ ಗ್ರಂಥಿ ಇನ್ನೊಂದಿಲ್ಲ. ವಯಸ್ಕರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ನಿಮಿಷಕ್ಕೆ ಹೆಚ್ಚುಕಡಿಮೆ ಒಂದೂವರೆ ಲೀಟರಿನಷ್ಟು ರಕ್ತ ಅದರೊಳಗೆ ಹರಿದು ಹೋಗುತ್ತದೆ. ಉಳಿದ ಅಂಗಗಳಿಗೆ ರಕ್ತ ತರುವುದು ಅಪಧಮನಿ ಮಾತ್ರ. ಯಕೃತ್ತಿಗಾದರೋ ಅಪಧಮನಿಯ ಜೊತೆಗೆ ಕರುಳಿನಿಂದ ಆಹಾರಸಾರವನ್ನು ಹೊತ್ತು ತರುವ ದ್ವಾರಕ ಅಭಿಧಮನಿಯೂ ಇದೆ. ಹೀಗೆ ರಕ್ತದಲ್ಲಿ ನೆನೆದು ತೊಯ್ದಿರುವ ಈ ಮೃದುವಾದ ಅಂಗಕ್ಕೆ ಕತ್ತಿ ತಾಗಿಸಿದರೆ ರಕ್ತಸ್ರಾವವನ್ನು ತಡೆಯುವುದು ಹೇಗೆಂಬ ಭಯ ಶಸ್ತ್ರವೈದ್ಯರನ್ನು ಬಹುಕಾಲ ದೂರವಿಟ್ಟಿತ್ತು. 1888ರಲ್ಲಿ ಬರ್ಲಿನ್ನಿನ ಲಾಂಗೆನ್‌ಬುಖ್ ಯಕೃತ್ತಿನ ಒಂದು ತುಂಡನ್ನು ತೆಗೆದು ರೋಗಿಯನ್ನು ಉಳಿಸಿದರೆಂಬುದು ನಿಜ. ಆದರೂ ಮುಂದಿನ ಅರ್ಧ ಶತಮಾನದವರೆಗೆ ಇಂತಹ ಶಸ್ತ್ರಚಿಕಿತ್ಸೆ ಅಪರೂಪದ ಸಾಹಸವಾಗಿಯೇ ಉಳಿಯಿತು. ಯಕೃತ್ತಿಗೆ ಅರ್ಬುದವಾಯಿತೆಂದರೆ ಮನೆಯವರಿಗೆ ಹೇಳಿ ಕೈಕಟ್ಟಿ ಕೂರುವುದಷ್ಟೇ ವೈದ್ಯರ ಪಾಲಿಗಿದ್ದ ಕೆಲಸ.

ಈ ಸ್ಥಿತಿಯನ್ನು ಬದಲಿಸಿದ ಕೆಲವೇ ಜನರಲ್ಲಿ ಒಬ್ಬರು ವಿಯೆಟ್ನಾಮಿನ ತೋನ್ ಥಾಟ್ ತುಂಗ್. ಅವರು ಪ್ಯಾರಿಸ್ಸಿನಲ್ಲಿಯೋ ಬಾಸ್ಟನ್ನಿನಲ್ಲಿಯೋ ಕುಳಿತು ಕೆಲಸ ಮಾಡಿದವರಲ್ಲ. ಪರಕೀಯರ ಆಳ್ವಿಕೆಯಲ್ಲಿದ್ದ ಊರಿನ ಆಸ್ಪತ್ರೆಯೊಂದರ ಶವಾಗಾರದಲ್ಲಿ ಆರಂಭಿಸಿ, ಕಾಡಿನಲ್ಲಿ ಪಾಠ ಹೇಳಿ, ಬಾಂಬು ಬೀಳುತ್ತಿದ್ದ ನಗರದಲ್ಲಿ ಸಂಶೋಧನೆ ಮುಂದುವರಿಸಿದವರು. ಶಾಲೆಯ ಶತಮಾನೋತ್ಸವದ ಈ ಸಂಚಿಕೆಗೆ ನಾನು ದೂರದೇಶದ ಈ ವೈದ್ಯರ ಜೀವನವನ್ನು ಆರಿಸಿಕೊಂಡುದಕ್ಕೆ ಕಾರಣ ಬರವಣಿಗೆಯ ನಡುವೆ ತಾನೇ ತಿಳಿದುಬರುತ್ತದೆ.

ತುಂಗ್ ಹುಟ್ಟಿದ್ದು 1912ರ ಮೇ 10ರಂದು, ಥಾನ್ ಹ್ವಾ ಎಂಬಲ್ಲಿ. ಬೆಳೆದದ್ದು ಹುಯೆ ನಗರದಲ್ಲಿ. ಅದು ವಿಯೆಟ್ನಾಮಿನ ನ್ಗುಯೆನ್ ರಾಜವಂಶದ ರಾಜಧಾನಿ. ಹೆಸರಿನ ಮೊದಲಿಗಿರುವ ತೋನ್ ಥಾಟ್ ಎಂಬುದು ಆ ರಾಜಮನೆತನದ ಕವಲುಗಳಿಗೆ ಸೇರಿದವರು ಇಟ್ಟುಕೊಳ್ಳುವ ಕುಲನಾಮ. ಆ ದೇಶದಲ್ಲಿ ಕುಲನಾಮ ಮೊದಲು, ವ್ಯಕ್ತಿಯ ಹೆಸರು ಕೊನೆಗೆ. ತುಂಗ್ ಎಂದರೆ ಪೈನ್ ಮರ. ರಾಜನಿದ್ದನಾದರೂ ಅಧಿಕಾರವೆಲ್ಲ ಫ್ರೆಂಚರದ್ದು. ಅಂತಹ ಮನೆತನದ ಹುಡುಗರು ಓದಿ ಸರಕಾರಿ ಅಧಿಕಾರಿಗಳಾಗುವುದು ವಾಡಿಕೆಯಾಗಿತ್ತು. ತುಂಗ್ ಆ ದಾರಿಯನ್ನು ಹಿಡಿಯಲಿಲ್ಲ. ಇನ್ನೊಬ್ಬರ ಅಪ್ಪಣೆಗೆ ತಲೆಬಾಗದೆ ಬದುಕಬಹುದಾದ ವೃತ್ತಿಯೆಂದು ವೈದ್ಯವಿದ್ಯೆಯನ್ನು ಬಯಸಿ, ಹತ್ತೊಂಬತ್ತರ ಹರೆಯದಲ್ಲಿ ಉತ್ತರದ ಹನೋಯ್ ನಗರಕ್ಕೆ ಓದಲು ಹೋದರು.

ಹನೋಯಿನ ವೈದ್ಯಕೀಯ ಶಾಲೆ 1902ರಲ್ಲಿ ಆರಂಭವಾದದ್ದು. ಅದರ ಮೊದಲ ಮುಖ್ಯಸ್ಥರು ಪ್ಲೇಗಿನ ರೋಗಾಣುವನ್ನು ಗುರುತಿಸಿದ ಅಲೆಕ್ಸಾಂಡರ್ ಯೆರ್ಸಿನ್. ಪಾಠವೆಲ್ಲ ಫ್ರೆಂಚ್ ಭಾಷೆಯಲ್ಲಿ ನಡೆಯುತ್ತಿತ್ತು. ನಾಡಿನ ಹುಡುಗರಿಗೆ ಪ್ರವೇಶವಿತ್ತಾದರೂ, ಆಸ್ಪತ್ರೆಯಲ್ಲಿ ನಿವಾಸಿ ವೈದ್ಯರಾಗಿ ಉನ್ನತ ತರಬೇತಿ ಪಡೆಯುವ ಸ್ಪರ್ಧಾ ಪರೀಕ್ಷೆಯ ಬಾಗಿಲು ಅವರಿಗೆ ಮುಚ್ಚಿತ್ತು. ತುಂಗ್ ಅದರ ವಿರುದ್ಧ ಸುಮ್ಮನಿರದೆ ವಾದಿಸಿದರು, ಒತ್ತಾಯಿಸಿದರು. ಕೊನೆಗೆ 1938ರಲ್ಲಿ ಪರೀಕ್ಷೆ ನಡೆಯಿತು. ಹನೋಯಿನ ಫು ಜ್ವಾನ್ ಆಸ್ಪತ್ರೆಗೆ ಆಯ್ಕೆಯಾದ ಅಭ್ಯರ್ಥಿ ತುಂಗ್ ಅವರೇ. ಆಮೇಲಿನ ನಾಲ್ಕು ದಶಕಗಳಲ್ಲಿ, ಯುದ್ಧದ ವರ್ಷಗಳನ್ನು ಬಿಟ್ಟರೆ, ಆ ಆಸ್ಪತ್ರೆಯೇ ಅವರ ಕರ್ಮಭೂಮಿಯಾಯಿತು.

ಅವರನ್ನು ಯಕೃತ್ತಿನ ಕಡೆಗೆ ಕರೆದೊಯ್ದುದು ಒಂದು ಹುಳು. ಇಂದಿಗೂ ನಮ್ಮ ಶಾಲೆಗಳಲ್ಲಿ ವರ್ಷಕ್ಕೆರಡು ಬಾರಿ ಮಕ್ಕಳಿಗೆ ಜಂತುಹುಳದ ಮಾತ್ರೆ ನುಂಗಿಸುತ್ತೇವಲ್ಲವೇ? ಅದೇ ದುಂಡು ಹುಳು. ಅಂದಿನ ವಿಯೆಟ್ನಾಮಿನ ಹಳ್ಳಿಗಳಲ್ಲಿ ಅದರ ಕಾಟ ವಿಪರೀತವಾಗಿತ್ತು. ಕರುಳಿನಲ್ಲಿರಬೇಕಾದ ಹುಳು ಕೆಲವೊಮ್ಮೆ ಪಿತ್ತನಾಳದೊಳಕ್ಕೆ ನುಸುಳಿ ಯಕೃತ್ತಿನವರೆಗೆ ಏರಿಬಿಡುತ್ತದೆ. ವಿದ್ಯಾರ್ಥಿಯಾಗಿದ್ದ ತುಂಗ್ ಒಂದು ಶವಪರೀಕ್ಷೆಯ ವೇಳೆ ಹೀಗೆ ಪಿತ್ತನಾಳಗಳಲ್ಲಿ ಹುಳು ತುಂಬಿದ್ದ ಯಕೃತ್ತೊಂದನ್ನು ಕಂಡರು. ಹುಳುಗಳು ಹೊಕ್ಕ ನಾಳಗಳನ್ನು ಬಿಡಿಸುತ್ತ ಹೋದಂತೆ ಒಳಗಿನ ಕವಲುಗಳ ವಿನ್ಯಾಸ ಕಣ್ಣಿಗೆ ಬಿತ್ತು. ನೋಡಿ ಜುಗುಪ್ಸೆಪಟ್ಟು ಕೈತೊಳೆದುಕೊಂಡು ಹೋಗಬಹುದಾಗಿದ್ದ ನೋಟ ಅದು. ಅವರಿಗೆ ಮಾತ್ರ, ಎಲ್ಲ ಯಕೃತ್ತುಗಳಲ್ಲಿಯೂ ಈ ಕವಲುಗಳು ಹೀಗೆಯೇ ಇರುತ್ತವೆಯೆ ಎಂಬ ಪ್ರಶ್ನೆ ಹುಟ್ಟಿತು.

ಉತ್ತರ ಹುಡುಕಲು ಅವರ ಬಳಿ ಇದ್ದ ಸಲಕರಣೆ ಅತ್ಯಲ್ಪ. ಕೆರೆಯುವ ಸಣ್ಣ ಚಾಕು, ಕಾಗದ, ಪೆನ್ಸಿಲು, ಮತ್ತು ತಾಳ್ಮೆ. ಶವಾಗಾರದಲ್ಲಿ ಸಿಕ್ಕ ಯಕೃತ್ತುಗಳ ಮೃದು ಭಾಗವನ್ನು ಮೆಲ್ಲಮೆಲ್ಲನೆ ಕೆರೆದು ತೆಗೆಯುತ್ತ ಒಳಗಿನ ರಕ್ತನಾಳಗಳನ್ನೂ ಪಿತ್ತನಾಳಗಳನ್ನೂ ಬುಡದಿಂದ ತುದಿಯವರೆಗೆ ಬಿಡಿಸಿ, ಒಂದೊಂದರ ನಕ್ಷೆಯನ್ನೂ ಬರೆದಿಟ್ಟರು. 1935ರಿಂದ 1939ರವರೆಗೆ ಹೀಗೆ ಬಿಡಿಸಿದ ಯಕೃತ್ತುಗಳ ಸಂಖ್ಯೆ 200ಕ್ಕೂ ಹೆಚ್ಚು. ಹತ್ತೋ ಇಪ್ಪತ್ತೋ ನೋಡಿ ಬರೆದಿದ್ದರೂ ಒಂದು ಪ್ರಬಂಧವಾಗುತ್ತಿತ್ತು. ಆದರೆ ಹತ್ತರಲ್ಲಿ ಕಾಣುವುದು ನಿಯಮವೋ ಆಕಸ್ಮಿಕವೋ ಎಂದು ತೀರ್ಮಾನಿಸಲು ನೂರು ಬೇಕಾಗುತ್ತದೆ. ನೂರರಲ್ಲಿಯೂ ಒಬ್ಬೊಬ್ಬರಲ್ಲಿ ಕವಲು ಬೇರೆ ದಾರಿ ಹಿಡಿದಿದ್ದರೆ ಆ ಭೇದಗಳನ್ನು ಅರಿಯಲು ಇನ್ನೂ ನೂರು. ಮಕ್ಕಳಿಗೆ ವಿಜ್ಞಾನದ ಪಾಠ ಹೇಳುವ ಅಧ್ಯಾಪಕರಿಗೆ ಈ ಸಂಗತಿಯ ಬೆಲೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹೊರಗಿನಿಂದ ನೋಡಿದರೆ ಯಕೃತ್ತಿಗೆ ಬಲ, ಎಡ ಎಂದು ಎರಡು ಹಾಲೆಗಳು ಕಾಣುತ್ತವೆ. ಈ ಹೊರಗೆರೆಗೂ ಒಳಗಿನ ರಕ್ತಪೂರೈಕೆಗೂ ಹೊಂದಿಕೆಯಿಲ್ಲವೆಂದು ಹಾಂಗ್‌ಕಾಂಗಿನಲ್ಲಿ ಅಧ್ಯಾಪಕರಾಗಿದ್ದ ಜೇಮ್ಸ್ ಕ್ಯಾಂಟ್ಲಿ 1897ರ ಹೊತ್ತಿಗೇ ತಿಳಿಸಿದ್ದರು. ಚೀನದ ಸುನ್ ಯಾತ್ ಸೆನ್ ಅವರ ಗುರು ಈ ಕ್ಯಾಂಟ್ಲಿ. ಆದರೆ ಒಳಗಿನ ನಾಳಗಳ ಕವಲುಗಳನ್ನು, ಅದರಲ್ಲಿಯೂ ರಕ್ತವನ್ನು ಹೃದಯದ ಕಡೆಗೆ ಒಯ್ಯುವ ಅಭಿಧಮನಿಗಳ ದಾರಿಯನ್ನು, ಶಸ್ತ್ರವೈದ್ಯನ ಕೈಗೆ ಉಪಯೋಗವಾಗುವಷ್ಟು ಸ್ಪಷ್ಟವಾಗಿ ಯಾರೂ ಬಿಡಿಸಿ ತೋರಿಸಿರಲಿಲ್ಲ. ತುಂಗ್ ಅವರ ನಕ್ಷೆಗಳಿಂದ ಯಕೃತ್ತು ರಕ್ತ ತುಂಬಿದ ಮುದ್ದೆಯೆಂಬ ಕಲ್ಪನೆ ಕಳೆದು, ತನ್ನತನ್ನದೇ ಕಾಲುವೆಗಳುಳ್ಳ ಗದ್ದೆಗಳ ಸಮೂಹವೆಂಬ ತಿಳಿವು ಮೂಡಿತು. ಒಂದು ಗದ್ದೆಗೆ ಬರುವ ನೀರನ್ನೂ ಅದರಿಂದ ಹೋಗುವ ನೀರನ್ನೂ ಕಟ್ಟಿದರೆ ಪಕ್ಕದ ಗದ್ದೆ ಒಣಗಬೇಕಾಗಿಲ್ಲ. 1939ರಲ್ಲಿ ಸಿದ್ಧವಾದ ಅವರ ಪ್ರಬಂಧಕ್ಕೆ ಪ್ಯಾರಿಸ್ ವಿಶ್ವವಿದ್ಯಾಲಯ ಬೆಳ್ಳಿಯ ಪದಕವನ್ನಿತ್ತಿತು. ಆಗ ಅವರ ವಯಸ್ಸು ಇಪ್ಪತ್ತೇಳು.

ಅದೇ ವರ್ಷ ತಮ್ಮ ಪ್ರಾಧ್ಯಾಪಕ ಮೆಯೆರ್-ಮೇ ಅವರೊಡನೆ ಈ ತಿಳಿವನ್ನು ರೋಗಿಯ ಮೇಲೆ ಪ್ರಯೋಗಿಸಿದ ವರದಿಯನ್ನು ಪ್ಯಾರಿಸ್ಸಿನ ಶಸ್ತ್ರವೈದ್ಯ ಅಕಾಡೆಮಿಗೆ ಕಳುಹಿಸಿದರು. ಅರ್ಬುದ ತಗಲಿದ್ದ ಎಡ ಹಾಲೆಯನ್ನು ಅಂಗರಚನೆಯ ಗೆರೆಯನ್ನನುಸರಿಸಿ ತೆಗೆದಿದ್ದರು. ರೋಗಿ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡು ಆರು ತಿಂಗಳು ಬದುಕಿದ. ಇಂದಿನ ಲೆಕ್ಕದಲ್ಲಿ ಆರು ತಿಂಗಳೆಂದರೆ ಸಣ್ಣ ಅವಧಿ. ಪ್ರತಿಜೈವಿಕ ಔಷಧಿಗಳು ಬಳಕೆಗೆ ಬಾರದಿದ್ದ, ರಕ್ತನಿಧಿಗಳಿಲ್ಲದಿದ್ದ ಕಾಲದಲ್ಲಿ ಅದು ಕಡಿಮೆಯದೇನಲ್ಲ. ಪ್ಯಾರಿಸ್ಸಿನ ಹಿರಿಯರು ಇದನ್ನು ಮೆಚ್ಚುವುದರ ಬದಲು ಅತಿಸಾಹಸವೆಂದು ಸಂದೇಹಿಸಿದರು. ವಸಾಹತಿನ ಆಸ್ಪತ್ರೆಯಿಂದ ಬಂದ ವರದಿಯೆಂಬುದೂ ಆ ಸಂದೇಹಕ್ಕೆ ನೀರೆರೆದಿರಬಹುದೆಂದು ನನಗನಿಸುತ್ತದೆ. ಮಹಾಯುದ್ಧ ಆರಂಭವಾಯಿತು, ಆ ದಾರಿ ಹೆಚ್ಚುಕಡಿಮೆ ಇಪ್ಪತ್ತು ವರ್ಷ ಅಲ್ಲಿಯೇ ನಿಂತಿತು.

ಮುಂದಿನ ವರ್ಷಗಳು ವಿಯೆಟ್ನಾಮಿಗೆ ಕಷ್ಟದ ವರ್ಷಗಳು. ಜಪಾನಿನ ಸೇನೆ ಬಂದಿತು. 1945ರ ಮೊದಲ ತಿಂಗಳುಗಳಲ್ಲಿ ಉತ್ತರದ ಪ್ರಾಂತ್ಯಗಳಲ್ಲಿ ಕ್ಷಾಮ ಬಿದ್ದು ಲಕ್ಷಾಂತರ ಜನ ಸತ್ತರು. ಆ ವರ್ಷದ ಸೆಪ್ಟೆಂಬರಿನಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯವನ್ನು ಘೋಷಿಸಿದರು. ಅಸ್ವಸ್ಥರಾಗಿದ್ದ ಅವರನ್ನು ಪರೀಕ್ಷಿಸಲು ಕರೆಸಿದ್ದು ತುಂಗ್ ಅವರನ್ನು. ಅಲ್ಲಿಂದ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು. 1946ರಲ್ಲಿ ತುಂಗ್ ದಂಪತಿಗಳಿಗೆ ಮಗ ಹುಟ್ಟಿದಾಗ ಬಾಖ್ ಎಂದು ಹೆಸರಿಟ್ಟವರೂ ಹೋ ಚಿ ಮಿನ್ ಅವರೇ. ಬಾಖ್ ಎಂದರೆ ಸೈಪ್ರೆಸ್ ಮರ. ತಂದೆ ಪೈನ್ ಮರವಾದರೆ ಮಗ ಸೈಪ್ರೆಸ್. ಆ ನಾಡಿನಲ್ಲಿ ಇವೆರಡನ್ನೂ ಜೊತೆಯಾಗಿಯೇ ಹೇಳುವುದು ರೂಢಿ.

ಆ ವರ್ಷದ ಕೊನೆಗೆ ಫ್ರೆಂಚರೊಡನೆ ಯುದ್ಧ ಹತ್ತಿಕೊಂಡಿತು. ಹನೋಯಿಯಲ್ಲಿಯೇ ಉಳಿದು ಹೆಸರು ಹಣ ಗಳಿಸಬಹುದಾಗಿದ್ದ ತುಂಗ್ ಪತ್ನಿಯನ್ನೂ ಹಸುಳೆಯನ್ನೂ ಕರೆದುಕೊಂಡು ಉತ್ತರದ ವಿಯೆತ್ ಬಾಕ್ ಬೆಟ್ಟಗಾಡಿಗೆ ಹೋದರು. ಅಲ್ಲಿ ಪತ್ನಿಯೇ ಅವರ ಶಸ್ತ್ರಚಿಕಿತ್ಸೆಗೆ ಸಹಾಯಕಿಯಾದರು. ಮುಂದಿನ ಎಂಟು ವರ್ಷಗಳ ಕಾಲ ಬಿದಿರಿನ ಗುಡಿಸಲು ಆಸ್ಪತ್ರೆಯಾಯಿತು, ಬೈಸಿಕಲ್ಲಿನ ಪೆಡಲು ತುಳಿದು ಹೊತ್ತಿಸಿದ ದೀಪ ಶಸ್ತ್ರಚಿಕಿತ್ಸೆಯ ಬೆಳಕಾಯಿತು.

ಈ ಕಾಡಿನ ಕಾಲದಲ್ಲಿ ನಡೆದ ಒಂದು ಕೆಲಸದ ಮೇಲೆ ನನ್ನ ಗಮನ ಹೆಚ್ಚಾಗಿ ನಿಲ್ಲುತ್ತದೆ. 1947ರ ಅಕ್ಟೋಬರ್ ತಿಂಗಳಿನಲ್ಲಿ ಚಿಯೆಮ್ ಹ್ವಾ ಎಂಬ ಬೆಟ್ಟಪ್ರದೇಶದಲ್ಲಿ ವೈದ್ಯಕೀಯ ಶಾಲೆ ಮತ್ತೆ ತೆರೆಯಿತು. ಹೋ ಡಾಕ್ ಜಿ ಎಂಬ ಹಿರಿಯ ಶಸ್ತ್ರವೈದ್ಯರು ಅದರ ಮುಖ್ಯಸ್ಥರು. ತುಂಗ್ ಅವರ ಬಲಗೈ. ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. ಅದೇ ತಿಂಗಳು ಫ್ರೆಂಚ್ ಸೇನೆ ವಿಯೆತ್ ಬಾಕ್ ಮೇಲೆ ದಾಳಿಯಿಟ್ಟಿತು. ಶಾಲೆ ಗಂಟುಮೂಟೆ ಕಟ್ಟಿಕೊಂಡು ಕಾಡಿನೊಳಗೆ ಅಲೆಯಬೇಕಾಯಿತು. ಬೆಳಿಗ್ಗೆ ಗಾಯಾಳುಗಳ ಶುಶ್ರೂಷೆ, ಆಮೇಲೆ ಪಾಠ. ಆ ಪಾಠ ವಿಯೆಟ್ನಾಮಿ ಭಾಷೆಯಲ್ಲಿ.

ಫ್ರೆಂಚಿನಲ್ಲಿ ಕಲಿತು, ಫ್ರೆಂಚಿನಲ್ಲಿಯೇ ಪ್ರಬಂಧ ಬರೆದು ಪದಕ ಪಡೆದವರು ತಮ್ಮ ನುಡಿಯಲ್ಲಿ ಅಂಗರಚನೆಯನ್ನೂ ರೋಗಲಕ್ಷಣವನ್ನೂ ಬೋಧಿಸಲು ತೊಡಗಿದ್ದು ಸುಲಭದ ಮಾತಾಗಿರಲಿಲ್ಲ. 1945ರಲ್ಲಿ ಹನೋಯಿನ ವಿಶ್ವವಿದ್ಯಾಲಯ ಸ್ವತಂತ್ರ ದೇಶದ ವಿಶ್ವವಿದ್ಯಾಲಯವಾಗಿ ತೆರೆದಾಗಲೇ ಈ ನಿರ್ಧಾರವಾಗಿತ್ತು. ಅದಕ್ಕೆ ಮೂರು ವರ್ಷ ಮುಂಚೆ, 1942ರಲ್ಲಿ, ಗಣಿತಜ್ಞ ಹ್ವಾಂಗ್ ಸುವಾನ್ ಹಾನ್ ವಿಜ್ಞಾನಪದಗಳ ಕೋಶವೊಂದನ್ನು ಪ್ರಕಟಿಸಿದ್ದರು. ಆದರೆ ವೈದ್ಯಶಾಸ್ತ್ರದ ಪದಗಳನ್ನು ಪಾಠ ಹೇಳುತ್ತಲೇ ಕಟ್ಟಬೇಕಾಯಿತು. ಯುದ್ಧದ ನಡುವೆ, ಪುಸ್ತಕವಿಲ್ಲದ ಕಡೆ, ಪರೀಕ್ಷೆಗೆ ಸಿದ್ಧವಾಗಬೇಕಾದ ಹುಡುಗರ ಮುಂದೆ! ಹಾಗೆ ಕಲಿತ ವೈದ್ಯರು ಹಳ್ಳಿಯ ರೋಗಿಯೊಡನೆ ಮಾತನಾಡುವಾಗ ಮನಸ್ಸಿನೊಳಗೆ ಭಾಷಾಂತರ ಮಾಡಿಕೊಳ್ಳಬೇಕಾಗಿರಲಿಲ್ಲವೆಂಬುದು ಅದರ ಫಲ.

ನಮ್ಮ ಕಾಸರಗೋಡಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಕಲಿತ ಮಕ್ಕಳು ಮುಂದೆ ಇಂಗ್ಲಿಷಿನ ತರಗತಿಗೆ ಹೋದಾಗ, ಬಲ್ಲ ವಿಷಯವನ್ನೇ ಹೊಸದಾಗಿ ಕಲಿಯುವವರಂತೆ ಕಂಗಾಲಾಗುವುದನ್ನು ಇಲ್ಲಿನ ಅಧ್ಯಾಪಕರೆಲ್ಲ ಕಂಡಿದ್ದಾರೆ. ಅಪಧಮನಿ, ಅಭಿಧಮನಿ, ಮೇದೋಜೀರಕ ಗ್ರಂಥಿ ಎಂದು ಚಿತ್ರ ಬರೆದು ಹೆಸರಿಸಿದ ಹುಡುಗಿಗೆ ಎರಡೇ ತಿಂಗಳಲ್ಲಿ ಆ ಪದಗಳು ಎಲ್ಲಿಯೂ ಸಲ್ಲದವಾಗುತ್ತವೆ. ಇದಕ್ಕೆ ಪರಿಹಾರವೇನೆಂಬುದರಲ್ಲಿ ಭಿನ್ನಾಭಿಪ್ರಾಯಗಳಿವೆ. ಇಂಗ್ಲಿಷನ್ನು ಬೇಗ ಕಲಿಸಬೇಕೆನ್ನುವ ಪೋಷಕರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ವೈದ್ಯಪದಗಳನ್ನು ಕನ್ನಡದಲ್ಲಿ ಕಟ್ಟಲು ಜೀವಮಾನ ಶ್ರಮಿಸಿದ ಡಾ. ಡಿ. ಎಸ್. ಶಿವಪ್ಪ ಅಂತಹವರು ನಮ್ಮಲ್ಲಿಯೂ ಇದ್ದರು. ಆದರೆ ಅವರಿಗೆ ಕಾಲೇಜು ಸಿಕ್ಕಲಿಲ್ಲ, ಪದಕೋಶ ಮಾತ್ರ ಸಿಕ್ಕಿತು. ತುಂಗ್ ಮತ್ತು ಅವರ ಸಂಗಡಿಗರಿಗೆ ಪದಕೋಶ ಸರಿಯಾಗಿ ಸಿಗುವ ಮುನ್ನವೇ ಕಾಲೇಜು ಸಿಕ್ಕಿತ್ತು, ಅದೂ ಕಾಡಿನಲ್ಲಿ.

ಆ ಸಂಗಡಿಗರಲ್ಲಿ ದಾಂಗ್ ವಾನ್ ನ್ಯು ಅವರನ್ನು ಹೆಸರಿಸದೆ ಮುಂದೆ ಹೋಗಲಾಗದು. 1949ರಲ್ಲಿ ಜಪಾನಿನಿಂದ ಮರಳಿದ ಅವರು ಆ ಗುಡಿಸಲುಗಳಲ್ಲಿಯೇ ಬೂಷ್ಟು ಬೆಳೆಸಿ ಪೆನಿಸಿಲಿನ್ ದ್ರಾವಣವನ್ನು ತಯಾರಿಸಿದರು. ಎಷ್ಟೋ ಸೈನಿಕರ ಕೈಕಾಲುಗಳು ಅದರಿಂದ ಉಳಿದವು. 1967ರಲ್ಲಿ ಮಲೇರಿಯಾ ಸಂಶೋಧನೆಗೆಂದು ಯುದ್ಧಭೂಮಿಗೆ ಹೋಗಿದ್ದಾಗ ಬಾಂಬಿನ ದಾಳಿಯಲ್ಲಿ ಅವರು ಮಡಿದರು.

1947ರಲ್ಲಿ ತುಂಗ್ ಆರೋಗ್ಯ ಖಾತೆಯ ಉಪಮಂತ್ರಿಯಾದರು. ಹುದ್ದೆ ಬಂದರೂ ಕತ್ತರಿ ಕೆಳಗಿಡಲಿಲ್ಲ. 1954ರ ದಿಯೆನ್ ಬಿಯೆನ್ ಫು ಕಾಳಗದ ವೇಳೆ ರಣರಂಗಕ್ಕೆ ಹೋಗಿ ಗಾಯಾಳುಗಳ ಶಸ್ತ್ರಚಿಕಿತ್ಸೆ ನಡೆಸಿದರು. ಆ ವರ್ಷದ ಅಕ್ಟೋಬರಿನಲ್ಲಿ ಹನೋಯ್ ಬಿಡುಗಡೆಯಾಯಿತು. ತಾವು ಕಲಿತ ಹಳೆಯ ಫು ಜ್ವಾನ್ ಆಸ್ಪತ್ರೆಗೆ ತುಂಗ್ ಈ ಬಾರಿ ನಿರ್ದೇಶಕರಾಗಿ ಮರಳಿದರು. ಪೂರ್ವ ಜರ್ಮನಿಯ ನೆರವು ಪಡೆದ ಆ ಆಸ್ಪತ್ರೆಗೆ ಮುಂದೆ ವಿಯೆತ್ ದುಕ್ ಎಂದು ಹೆಸರಾಯಿತು; ವಿಯೆಟ್ನಾಂ-ಜರ್ಮನಿ ಎಂದೇ ಅದರ ಅರ್ಥ. 1958ರಲ್ಲಿ ಅವರು ತಮ್ಮ ದೇಶದ ಮೊದಲ ಹೃದಯ ಶಸ್ತ್ರಚಿಕಿತ್ಸೆಯನ್ನೂ ನಡೆಸಿದರು.

ಅಷ್ಟರಲ್ಲಿ ಯಕೃತ್ತಿನ ಶಸ್ತ್ರಚಿಕಿತ್ಸೆ ಹೊರಗಿನ ಲೋಕದಲ್ಲಿ ಮತ್ತೆ ಚಲಿಸತೊಡಗಿತ್ತು. 1952ರಲ್ಲಿ ಪ್ಯಾರಿಸ್ಸಿನ ಲೋರ್ತಾ-ಜಾಕೋಬ್ ಬಲಭಾಗದ ಯಕೃತ್ತನ್ನು ಕ್ರಮಬದ್ಧವಾಗಿ ತೆಗೆದರು. 1957ರಲ್ಲಿ ಕ್ಲೋಡ್ ಕುಯಿನೋ ಯಕೃತ್ತನ್ನು ಎಂಟು ಖಂಡಗಳಾಗಿ ವಿಂಗಡಿಸಿ ಬರೆದ ಗ್ರಂಥ ಹೊರಬಂತು. ಇಂದು ಸ್ಕ್ಯಾನಿಂಗ್ ವರದಿಗಳಲ್ಲಿ ಕಾಣುವ ಖಂಡಸಂಖ್ಯೆಗಳು ಅವರು ಕೊಟ್ಟವು. ಇವರ ಕೃತಿಗಳಿಗೆ ತಳಹದಿಯಾದ ವಿಷಯಗಳಲ್ಲಿ ಎಷ್ಟೋ ತುಂಗ್ ಅವರ 1939ರ ಪ್ರಬಂಧದಲ್ಲಿದ್ದವೆಂಬುದು ಬಲ್ಲವರ ಅಭಿಪ್ರಾಯ.

ಲೋರ್ತಾ-ಜಾಕೋಬ್ ಅವರ ಕ್ರಮದಲ್ಲಿ ಮೊದಲು ಯಕೃತ್ತಿನ ಹೊರಗೇ ಎಲ್ಲ ದೊಡ್ಡ ನಾಳಗಳನ್ನು ಹುಡುಕಿ ಕಟ್ಟಬೇಕು, ಆಮೇಲೆ ಕತ್ತರಿಸಬೇಕು. ಅದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಎದೆಯನ್ನೂ ತೆರೆಯಬೇಕಾಗುತ್ತಿತ್ತು. ಬಡ ದೇಶದ ಆಸ್ಪತ್ರೆಯಲ್ಲಿ, ರಕ್ತದ ಬಾಟಲಿಗಳು ವಿರಳವಾಗಿದ್ದಲ್ಲಿ, ಸೊರಗಿದ ರೋಗಿಗಳು ಅಷ್ಟು ದೀರ್ಘಕಾಲ ತಾಳುತ್ತಿರಲಿಲ್ಲ. ತುಂಗ್ ಕ್ರಮವನ್ನೇ ತಿರುಗಿಸಿದರು. ಯಕೃತ್ತಿಗೆ ಬರುವ ರಕ್ತವನ್ನು ಕೆಲವು ನಿಮಿಷ ಮಾತ್ರ ಹಿಡಿದು ನಿಲ್ಲಿಸುವುದು. ಹೀಗೆ ಒತ್ತಿ ಹಿಡಿಯುವ ಉಪಾಯವನ್ನು ಗ್ಲಾಸ್ಗೋ ನಗರದ ಪ್ರಿಂಗಲ್ 1908ರಲ್ಲಿ ಹೇಳಿದ್ದರು. ಆಮೇಲೆ ಖಂಡಗಳ ನಡುವಿನ ಗೆರೆಯಲ್ಲಿ ಯಕೃತ್ತಿನ ಮೃದು ಭಾಗವನ್ನು ಬೆರಳಿನಿಂದ ಹಿಚುಕುತ್ತ ಸಾಗುವುದು. ನಮ್ಮೂರಿನ ಕಾಡುಮಾವಿನ ಹಣ್ಣನ್ನು ಹಿಚುಕಿದಾಗ ತಿರುಳು ಜಾರಿ ನಾರು ಕೈಗೆ ಸಿಗುವಂತೆ, ಮೃದು ಭಾಗ ಒಡೆದು ಗಟ್ಟಿಯಾದ ನಾಳಗಳು ಬೆರಳಿಗೆ ತಡೆಯುತ್ತವೆ. ಸಿಕ್ಕ ನಾಳವನ್ನು ಅಲ್ಲಿಯೇ ಕಟ್ಟಿ ಕತ್ತರಿಸಿ ಮುಂದೆ ಹೋಗುವುದು. ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು.

ಬರೆದು ಓದುವಾಗ ಇದು ಸರಳ. ಆದರೆ ಮುಂದಿನ ಬೆರಳಗಲದಲ್ಲಿ ಯಾವ ನಾಳ, ಯಾವ ದಿಕ್ಕಿಗೆ, ಎಷ್ಟು ದಪ್ಪ ಎಂಬುದು ಗೊತ್ತಿಲ್ಲದವನು ಹೀಗೆ ಬೆರಳಿಟ್ಟರೆ ರೋಗಿ ಮೇಜಿನ ಮೇಲೆಯೇ ಪ್ರಾಣಬಿಡುತ್ತಾನೆ. ಇಪ್ಪತ್ತೈದು ವರ್ಷ ಹಿಂದೆ ಶವಾಗಾರದಲ್ಲಿ ಬಿಡಿಸಿದ 200 ಯಕೃತ್ತುಗಳು ಆಗ ಆ ಬೆರಳಿನ ತುದಿಯಲ್ಲಿದ್ದವು. 1963ರಲ್ಲಿ ಇಂಗ್ಲೆಂಡಿನ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಈ ಹೊಸ ವಿಧಾನದ ಕುರಿತ ಲೇಖನ ಅಚ್ಚಾಯಿತು. ನ್ಯಾಯಕ್ಕೆ ಇನ್ನೊಂದು ಮಾತನ್ನೂ ಹೇಳಬೇಕು. ತೈವಾನಿನ ಲಿನ್ ಎಂಬ ಶಸ್ತ್ರವೈದ್ಯರು 1958ರಲ್ಲಿಯೇ ಬೆರಳಿನಿಂದ ಯಕೃತ್ತನ್ನು ಬಿಡಿಸುವ ವಿಧಾನವನ್ನು ವರ್ಣಿಸಿದ್ದರು. ಯಕೃತ್ತಿನ ಅರ್ಬುದ ಹೆಚ್ಚಾಗಿದ್ದ ಎರಡು ಏಷ್ಯಾ ದೇಶಗಳಲ್ಲಿ, ಇಬ್ಬರು ಒಂದೇ ಬಗೆಯ ಉತ್ತರಕ್ಕೆ ಬಂದದ್ದು ಆಶ್ಚರ್ಯವೇನಲ್ಲ. ರೋಗಿಗಳು ಎಲ್ಲಿ ಸಾಲುಗಟ್ಟಿ ನಿಂತಿರುತ್ತಾರೋ ಅಲ್ಲಿಯೇ ಉಪಾಯವೂ ಹುಟ್ಟುತ್ತದೆ. ತುಂಗ್ ಅವರ ವೈಶಿಷ್ಟ್ಯವಿದ್ದದ್ದು ಆ ಉಪಾಯವನ್ನು ಅಂಗರಚನೆಯ ಖಚಿತ ಜ್ಞಾನದೊಡನೆ ಬೆಸೆದು, ಬೇರೆಯವರೂ ಕಲಿಯಬಹುದಾದ ಪದ್ಧತಿಯನ್ನಾಗಿ ಮಾಡಿದುದರಲ್ಲಿ.

ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಆರೋಗ್ಯವಂತ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ತೆಗೆದರೂ ಉಳಿದದ್ದು ಕೆಲವು ತಿಂಗಳಲ್ಲಿ ಹಿಗ್ಗಿ ತನ್ನ ಕೆಲಸವನ್ನು ನಿರ್ವಹಿಸಬಲ್ಲುದು. ಇಂದು ತಾಯಿ ತನ್ನ ಯಕೃತ್ತಿನ ತುಂಡನ್ನು ಮಗುವಿಗೆ ದಾನಮಾಡುವ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಒಳಗಿನ ಗೆರೆ ಯಾವುದು, ಯಾವ ನಾಳ ಯಾವ ಖಂಡದ್ದು ಎಂಬುದು ತಿಳಿಯದಿದ್ದರೆ ಅಂತಹ ದಾನಕ್ಕೆ ಆಸ್ಪದವೇ ಇರುತ್ತಿರಲಿಲ್ಲ.

ಒಮ್ಮೆ ಸಂದೇಹಪಟ್ಟಿದ್ದ ಪ್ಯಾರಿಸ್ಸಿನ ಶಸ್ತ್ರವೈದ್ಯ ಅಕಾಡೆಮಿ 1977ರಲ್ಲಿ ಲಾನಲೋಂಗ್ ಪದಕವನ್ನಿತ್ತು ತುಂಗ್ ಅವರನ್ನು ಗೌರವಿಸಿತು. ಆ ಮೊದಲ ವರದಿ ಅಲ್ಲಿಗೆ ತಲಪಿ ಆಗ ಮೂವತ್ತೆಂಟು ವರ್ಷ ಕಳೆದಿತ್ತು. ಎರಡು ವರ್ಷಗಳ ಬಳಿಕ ಯಕೃತ್ತಿನ ಶಸ್ತ್ರಚಿಕಿತ್ಸೆಯನ್ನು ಕುರಿತ ಅವರ ಗ್ರಂಥ ಪ್ಯಾರಿಸ್ಸಿನಲ್ಲಿ ಪ್ರಕಟವಾಯಿತು. ಅದನ್ನು ಅವರು ಬರೆದದ್ದು ಫ್ರೆಂಚಿನಲ್ಲಿ. ಮನೆಯವರಿಗೆ ಮನೆಯ ಮಾತು, ಹೊರಗಿನವರಿಗೆ ಹೊರಗಿನ ಮಾತು; ಎರಡನ್ನೂ ಚೆನ್ನಾಗಿ ಬಲ್ಲವರಾಗಿದ್ದರು.

ಅವರ ಜೀವನದ ಇನ್ನೊಂದು ಅಧ್ಯಾಯ ಇಷ್ಟು ನಿರ್ವಿವಾದವಾದುದಲ್ಲ. 1962ರಿಂದ 1971ರವರೆಗೆ ದಕ್ಷಿಣ ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ ಅಮೆರಿಕದ ವಿಮಾನಗಳು ಎಲೆ ಉದುರಿಸುವ ಸಸ್ಯನಾಶಕಗಳನ್ನು ಸಿಂಪಡಿಸಿದವು. ಒಟ್ಟು ಪ್ರಮಾಣ ಏಳು ಕೋಟಿ ಲೀಟರಿಗಿಂತ ಹೆಚ್ಚು. ಅವುಗಳಲ್ಲಿ ಮುಖ್ಯವಾದ ಏಜೆಂಟ್ ಆರೆಂಜ್‌ನಲ್ಲಿ ತಯಾರಿಕೆಯ ದೋಷದಿಂದ ಸೇರಿಕೊಂಡ ಡಯಾಕ್ಸಿನ್ ಎಂಬ ಘೋರ ವಿಷವಿತ್ತು. ಹನೋಯಿನ ಆಸ್ಪತ್ರೆಗಳಲ್ಲಿ ಯಕೃತ್ತಿನ ಅರ್ಬುದ ಹೆಚ್ಚುತ್ತಿರುವುದನ್ನು ಕಂಡ ತುಂಗ್ ದಾಖಲೆಗಳನ್ನು ತೆಗೆದು ಎಣಿಸಿದರು. 1955ರಿಂದ 1961ರ ನಡುವೆ ಎಲ್ಲ ಅರ್ಬುದಗಳಲ್ಲಿ ಯಕೃತ್ತಿನ ಅರ್ಬುದದ ಪಾಲು ನೂರಕ್ಕೆ ಸುಮಾರು 3 ಇದ್ದದ್ದು, 1962ರಿಂದ 1968ರ ನಡುವೆ ನೂರಕ್ಕೆ 10ರಷ್ಟಾಗಿತ್ತು. ಇದಕ್ಕೂ ಸಿಂಪಡಿಸಿದ ವಿಷಕ್ಕೂ ಸಂಬಂಧವಿರಬಹುದೆಂದು 1970ರಲ್ಲಿ ಫ್ರಾನ್ಸಿನ ಓರ್ಸೆ ನಗರದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಅವರು ಹೇಳಿದರು. ಬದುಕಿರುವವರೆಗೂ ಆ ಸಂಶೋಧನೆಯನ್ನು ಬಿಡಲಿಲ್ಲ. ಸಿಂಪಡಿಸಿದ ಪ್ರದೇಶಗಳಿಂದ ಮರಳಿದ ಸೈನಿಕರ ಮಕ್ಕಳಲ್ಲಿ ಕಾಣುವ ಅಂಗವೈಕಲ್ಯಗಳತ್ತಲೂ ಜಗತ್ತಿನ ಗಮನ ಸೆಳೆದರು.

ಆ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದರು. ಹನೋಯ್ ಇರುವುದು ಉತ್ತರದಲ್ಲಿ. ವಿಷ ಬಿದ್ದದ್ದು ದಕ್ಷಿಣದಲ್ಲಿ. ಆಸ್ಪತ್ರೆಯ ಖ್ಯಾತಿ ಬೆಳೆದಂತೆ ದೂರದ ರೋಗಿಗಳು ಹೆಚ್ಚಿಗೆ ಬರುವುದೂ ಸಹಜ. ಯಕೃತ್ತಿನ ಚಿಕಿತ್ಸೆಗೆ ಹೆಸರಾದ ಕಡೆಗೆ ಯಕೃತ್ತಿನ ರೋಗಿಗಳೇ ಬರುತ್ತಾರೆ. ಯಕೃತ್ತಿನ ಅರ್ಬುದಕ್ಕೆ ಹೆಪಟೈಟಿಸ್ ಬಿ ವೈರಸ್ಸೂ, ಬೂಷ್ಟು ಹಿಡಿದ ಕಾಳಿನಲ್ಲಿರುವ ಅಫ್ಲಾಟಾಕ್ಸಿನ್ನೂ ಮುಖ್ಯ ಕಾರಣಗಳೆಂದು ಆಮೇಲೆ ಸ್ಥಿರಪಟ್ಟಿತು. ಡಯಾಕ್ಸಿನ್ ಮನುಷ್ಯರಲ್ಲಿ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆ 1997ರಲ್ಲಿ ಒಪ್ಪಿಕೊಂಡಿದೆಯಾದರೂ, ಯಕೃತ್ತಿನ ಅರ್ಬುದದ ಮಟ್ಟಿಗೆ ಅದರ ಪಾತ್ರ ಇಂದಿಗೂ ಸಿದ್ಧವಾಗಿಲ್ಲ. ಹೀಗಾಗಿ ಅಂಗರಚನೆಯ ವಿಷಯದಲ್ಲಿ ತುಂಗ್ ಅವರ ಮಾತು ನಿಂತಷ್ಟು ಗಟ್ಟಿಯಾಗಿ ಈ ವಿಷಯದಲ್ಲಿ ನಿಲ್ಲಲಿಲ್ಲವೆಂದೇ ಹೇಳಬೇಕು. ಆದರೆ ಪ್ರಶ್ನೆಯನ್ನು ಎತ್ತಿದವರಲ್ಲಿ ಅವರು ಮೊದಲಿಗರು. ಅದನ್ನು ಕಣ್ಣೆದುರಿನ ರೋಗಿಗಳನ್ನು ಎಣಿಸಿ ಎತ್ತಿದರು, ಯಾರೂ ಎಣಿಸದೆ ಇದ್ದ ಕಾಲದಲ್ಲಿ.

ಎಣ್ಮಕಜೆ ಕಡೆಯ ಓದುಗರಿಗೆ ಇಲ್ಲಿ ಏನು ನೆನಪಾಗುವುದೆಂದು ನನಗೆ ಗೊತ್ತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದ ಆ ಎರಡು ದಶಕಗಳು, ಆಮೇಲೆ ನಮ್ಮ ತರಗತಿಗಳಿಗೆ ಬಂದ ಮಕ್ಕಳು, ಬರಲಾಗದೆ ಮನೆಯಲ್ಲಿಯೇ ಉಳಿದ ಮಕ್ಕಳು. ವಿಷ ಬೇರೆ, ಉದ್ದೇಶವೂ ಬೇರೆ; ಒಂದು ಯುದ್ಧ, ಇನ್ನೊಂದು ಬೇಸಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಆದರೆ ಇಲ್ಲಿಯೂ ಮೊದಲು ಎಣಿಸತೊಡಗಿದ್ದು ಹಳ್ಳಿಯ ವೈದ್ಯರೇ, ಮತ್ತು ಅವರಿಗೂ ಪುರಾವೆ ಸಾಲದೆಂಬ ಉತ್ತರವೇ ಬಹುಕಾಲ ಸಿಕ್ಕಿತು.

ತುಂಗ್ 1982ರ ಮೇ 7ರಂದು ಹನೋಯಿಯಲ್ಲಿ ನಿಧನರಾದರು. ಎಪ್ಪತ್ತು ತುಂಬಲು ಮೂರು ದಿನ ಉಳಿದಿತ್ತು. ದಿಯೆನ್ ಬಿಯೆನ್ ಫು ಕಾಳಗ ಮುಗಿದದ್ದು ಅದೇ ದಿನಾಂಕದಂದು, ಇಪ್ಪತ್ತೆಂಟು ವರ್ಷ ಹಿಂದೆ. ಅವರು ಬರೆದ ಸಂಶೋಧನಾ ಲೇಖನಗಳು ನೂರಕ್ಕೂ ಹೆಚ್ಚು. ತಾವು ವಿಜ್ಞಾನದ ದಾರಿಗೆ ಬಂದ ಬಗೆಯನ್ನು ಹೇಳುವ ಆತ್ಮಕಥೆಯೊಂದನ್ನೂ ಬರೆದಿಟ್ಟಿದ್ದಾರೆ. 1996ರಲ್ಲಿ ಹೋ ಚಿ ಮಿನ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಕೊಟ್ಟಾಗ ಮರಣೋತ್ತರವಾಗಿ ಅವರಿಗೂ ಸಂದಿತು. ಕಾಡಿಗೆ ಹಸುಳೆಯಾಗಿ ಹೋಗಿದ್ದ ಮಗ ತೋನ್ ಥಾಟ್ ಬಾಖ್ ತಂದೆಯಂತೆಯೇ ಶಸ್ತ್ರವೈದ್ಯರಾಗಿ, ವಿಯೆತ್ ದುಕ್ ಆಸ್ಪತ್ರೆಯ ನಿರ್ದೇಶಕರೂ ಹನೋಯ್ ವೈದ್ಯಕೀಯ ವಿಶ್ವವಿದ್ಯಾಲಯದ ಮುಖ್ಯಸ್ಥರೂ ಆಗಿ, 2004ರಲ್ಲಿ ತೀರಿಕೊಂಡರು. ಆ ವಿಶ್ವವಿದ್ಯಾಲಯದ ಮಗ್ಗುಲಲ್ಲಿ ಹಾದುಹೋಗುವ ರಸ್ತೆಗೆ ಈಗ ತೋನ್ ಥಾಟ್ ತುಂಗ್ ಅವರ ಹೆಸರಿದೆ. ಒಳಗಿನ ತರಗತಿಗಳಲ್ಲಿ ವೈದ್ಯವಿದ್ಯೆಯ ಪಾಠ ಇಂದಿಗೂ ವಿಯೆಟ್ನಾಮಿ ಭಾಷೆಯಲ್ಲಿಯೇ ನಡೆಯುತ್ತಿದೆ.